ರೀನಸ್ ಮನೆಗೆ ತಂಪು ಹಲಗೆ ಬಂದದ್ದು

ಮನುಷ್ಯನಾದವನು ಸಭೆಯಲ್ಲಿ ಕೈ ಎತ್ತುವ ಮೊದಲು ಸಾವಿರ ಸಲ ಯೋಚಿಸಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ ಪಕ್ಕದಲ್ಲಿ ಕೂತ ಹೆಂಡತಿಯ ಮುಖವನ್ನಾದರೂ ಒಮ್ಮೆ ನೋಡಬೇಕು. ನಮ್ಮ ಹೈಡೆ ಕೇರಿಯ ರೀನಸ್ ಎರಡನ್ನೂ ಮಾಡಲಿಲ್ಲ. ನವೆಂಬರ್ ಸಭೆಯಲ್ಲಿ ಅಧ್ಯಕ್ಷ ಲಾಂಬರ್ಟ್, "ಈ ಸಲ ಗೆಡ್ಡೆಗಳನ್ನ ಯಾರ ಮನೇಲಿ ಇಡೋಣ?" ಎಂದು ಕೇಳಿದ್ದೇ ತಡ, ಇವನ ಕೈ ತಾನಾಗಿಯೇ ಮೇಲೆ ಹೋಯಿತು.

ಗೆಡ್ಡೆ ಎಂದರೆ ಡೇರೆ ಹೂವಿನ ಗೆಡ್ಡೆ. ಬ್ರಬಾಂಟ್ ಸೀಮೆಯ ನಮ್ಮೂರಲ್ಲಿ ಹುಟ್ಟುವುದು, ಮದುವೆಯಾಗುವುದು, ಸಾಯುವುದು ಇವೆಲ್ಲ ಬಿಡುವಾದಾಗ ಮಾಡಿಕೊಳ್ಳುವ ಕೆಲಸ. ಉಳಿದ ಆಯುಷ್ಯವೆಲ್ಲ ಸೆಪ್ಟೆಂಬರಿನ ಹೂಮೆರವಣಿಗೆಗೆ ಮೀಸಲು. ಒಂದೊಂದು ಕೇರಿಯವರೂ ಮನೆಯೆತ್ತರದ ಹೂಬಂಡಿ ಕಟ್ಟಿ, ತಾವೇ ಬೆಳೆದ ಡೇರೆ ಹೂಗಳನ್ನು ಎಳ್ಳಷ್ಟೂ ಜಾಗ ಬಿಡದೆ ಚುಚ್ಚಿ, ಬೀದಿಯಲ್ಲಿ ತಳ್ಳಿಕೊಂಡು ಹೋಗಬೇಕು. ಗೆದ್ದ ಕೇರಿ ವರ್ಷವಿಡೀ ಎದೆಯುಬ್ಬಿಸಿಕೊಂಡು ನಡೆಯುತ್ತದೆ, ಸೋತ ಕೇರಿ ಬೇಕರಿಗೂ ತಲೆ ತಗ್ಗಿಸಿಕೊಂಡು ಹೋಗುತ್ತದೆ. ನಮ್ಮ ಹೈಡೆಯ ಜೀವವೆಲ್ಲ ಒಂದು ಕಿತ್ತಳೆ ಬಣ್ಣದಲ್ಲಿತ್ತು. ಲಾಂಬರ್ಟನ ಅಜ್ಜ ಬೆಳೆಸಿದ ತಳಿ ಅದು. ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲವೆಂದು ನಾವು ಹೇಳುತ್ತಿದ್ದೆವು, ಪಕ್ಕದ ಡೈಕ್ ಕೇರಿಯವರು ಹೊಟ್ಟೆ ಉರಿದುಕೊಂಡು ನಂಬುತ್ತಿದ್ದರು. ಆ ಗೆಡ್ಡೆಗಳನ್ನು ಚಳಿ ಬೀಳುವ ಮೊದಲು ಅಗೆದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಮೇ ತಿಂಗಳವರೆಗೆ ಕತ್ತಲಲ್ಲಿ ತಣ್ಣಗೆ ಮಲಗಿಸಬೇಕು. ಇಷ್ಟು ವರ್ಷ ಮಲಗಿಸುತ್ತಿದ್ದ ಆಲೂಗಡ್ಡೆ ಕೊಟ್ಟಿಗೆಯನ್ನು ಅದರ ಮಾಲೀಕ ಪ್ರವಾಸಿಗರ ವಸತಿ ಮಾಡಿಬಿಟ್ಟಿದ್ದ.

ರೀನಸ್‌ಗೆ ಕೇರಿಯಲ್ಲಿ ಅಲ್ಲಿಯವರೆಗೆ ಯಾರೂ ಒಂದು ನೆಟ್ಟಗಿನ ಕೆಲಸ ಕೊಟ್ಟಿರಲಿಲ್ಲ. ಒಮ್ಮೆ ಅಟ್ಟಣಿಗೆ ಹತ್ತಿಸಿದ್ದಕ್ಕೆ ಕಾಲು ಜಾರಿ ಹೂವಿನ ಆನೆಯ ಕಿವಿಯೊಳಗೆ ಬಿದ್ದು, ಮೆರವಣಿಗೆಯ ದಿನ ಆನೆ ಒಂದೇ ಕಿವಿಯಲ್ಲಿ ಹೋಗಬೇಕಾಗಿತ್ತು. ಈಗ ಅವನ ಕೈ ಮೇಲೆ ನಿಂತದ್ದನ್ನು ನೋಡಿ ಲಾಂಬರ್ಟ್ ಕೆಮ್ಮಿದ.

"ನಿನ್ನ ನೆಲಮಾಳಿಗೆ ದೊಡ್ಡದೇ, ಇಲ್ಲ ಅನ್ನಲ್ಲ. ಆದ್ರೆ ಮನೇಲಿ ಡೈಕಿನವಳು ಇದ್ದಾಳಲ್ಲಪ್ಪ."

ಡೈಕಿನವಳು ಎಂದರೆ ರೀನಸ್‌ನ ಹೆಂಡತಿ ತ್ರೂಸ್. ಡೈಕ್ ಕೇರಿಯಲ್ಲಿ ಹುಟ್ಟಿ, ಹೈಡೆಗೆ ಸೊಸೆಯಾಗಿ ಬಂದು, ಇಲ್ಲಿಯೇ ಕೂದಲು ನರೆತರೂ ಅವಳಿಗೆ ನಮ್ಮಲ್ಲಿ ಇದ್ದದ್ದು ಅದೊಂದೇ ಹೆಸರು. ಆ ಹೊತ್ತಿನಲ್ಲಿ ಅವಳು ಗಂಡನ ಪಕ್ಕದಲ್ಲೇ ಕೂತಿದ್ದಳು.

"ಅವಳು ಗೆಡ್ಡೆಗೆ ಕೈ ಸೋಕಿಸಲ್ಲ. ನೆಲಮಾಳಿಗೆ ಬೀಗದ ಕೈ ನನ್ನ ಜೇಬಲ್ಲೇ ಇರತ್ತೆ," ಎಂದ ರೀನಸ್.

ಸಭೆ ಚಪ್ಪಾಳೆ ತಟ್ಟಿತು. "ತ್ರೂಸ್ ಮುಟ್ಟತಕ್ಕದ್ದಲ್ಲ" ಎಂದು ಠರಾವೂ ಆಯಿತು. ಹೀಗೆ ರೀನಸ್ ಹೈಡೆ ಕೇರಿಯ ಗೆಡ್ಡೆ ಪಾಲಕನಾದ. ಮನೆಗೆ ಹೋಗುವಾಗ ಅವನು ಸೈಕಲ್ ತುಳಿಯುವ ಗತ್ತೇ ಬೇರೆಯಾಗಿತ್ತು. ತ್ರೂಸ್ ಮಾತ್ರ ಅವನನ್ನು ಬಿಟ್ಟು ಮುಂದೆ ಹೋಗಿದ್ದಳು.

ಆ ವರ್ಷ ಚಳಿಗಾಲ ನಮ್ಮೂರಿನ ದಾರಿ ತಪ್ಪಿತು. ಕ್ರಿಸ್‌ಮಸ್‌ಗೆ ಜನ ಅಂಗಿಯ ತೋಳು ಮಡಚಿಕೊಂಡು ಓಡಾಡಿದರು. ಜನವರಿಯಲ್ಲಿ ಕಾಲುವೆಯ ಹಿಮದ ಮೇಲೆ ಜಾರಾಡಬೇಕಾದವರು ಬಾರಿನ ಹೊರಗೆ ಬಿಸಿಲು ಕಾಯುತ್ತ ಬಿಯರ್ ಕುಡಿದರು. ರೀನಸ್ ಕೂಡ ಕುಡಿದ, ಗೆಡ್ಡೆ ಪಾಲಕರಿಗೆ ಒಂದು ಲೋಟ ಹೆಚ್ಚೇ ಸಿಗುತ್ತಿತ್ತು. ಅವನ ನೆಲಮಾಳಿಗೆಯಲ್ಲಿ ಗೆಡ್ಡೆಗಳ ಪಕ್ಕದಲ್ಲೇ ಇಡೀ ಮನೆಗೆ ಬಿಸಿನೀರು ಹರಿಸುವ ಬಾಯ್ಲರ್ ಗುರ್ ಎನ್ನುತ್ತಿದ್ದದ್ದು ಅವನ ತಲೆಗೆ ಹೊಳೆದೇ ಇರಲಿಲ್ಲ. ದೊಡ್ಡ ಹುದ್ದೆಯವರಿಗೆ ಸಣ್ಣ ವಿಷಯ ಕಾಣುವುದಿಲ್ಲ.

ಒಂದು ಸೋಮವಾರ ಬೆಳಗ್ಗೆ ಕೆಳಗಿಳಿದು ಹೊಟ್ಟು ಸರಿಸಿ ನೋಡಿದ. ಗೆಡ್ಡೆಗಳೆಲ್ಲ ಎದ್ದು ಕೂತಿದ್ದವು. ಇಲಿಬಾಲದಂಥ ಬಿಳಿಬಿಳಿ ಮೊಳಕೆಗಳು ಪೆಟ್ಟಿಗೆಯ ಸಂದಿಯಿಂದ ಇಣುಕುತ್ತಿದ್ದವು. ಮೇ ತಿಂಗಳಿಗೆ ಇನ್ನೂ ನಾಲ್ಕು ತಿಂಗಳು. ಈಗಲೇ ಎದ್ದ ಗೆಡ್ಡೆ ಕತ್ತಲಲ್ಲಿ ಸೊರಗಿ ಸಾಯುತ್ತದೆ, ಹೊರಗೆ ನೆಟ್ಟರೆ ಒಂದೇ ರಾತ್ರಿಯ ಮಂಜಿಗೆ ಕೊಳೆಯುತ್ತದೆ ಎಂದು ಹೈಡೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಕಿತ್ತಳೆ ಹೋದರೆ ಸೆಪ್ಟೆಂಬರ್ ಹೋಯಿತು, ಸೆಪ್ಟೆಂಬರ್ ಹೋದರೆ ರೀನಸ್ ಊರು ಬಿಡಬೇಕು.

ಅವನು ಬಾಯ್ಲರ್ ಆರಿಸಿದ. ಪೆಟ್ಟಿಗೆಗಳನ್ನೆಲ್ಲ ಹೊತ್ತು ತಂದು ರಸ್ತೆಗೆ ಮುಖ ಮಾಡಿದ್ದ ಮಲಗುವ ಕೋಣೆಯಲ್ಲಿಟ್ಟ, ಯಾಕೆಂದರೆ ಉತ್ತರದ ಗಾಳಿ ಬೀಸುವುದು ಅಲ್ಲಿಗೇ. ಕಿಟಕಿಗಳನ್ನು ತೆರೆದಿಟ್ಟ. ಬೆಳಕು ಬಿದ್ದರೆ ಮೊಳಕೆ ಇನ್ನೂ ಹುರುಪಾಗುತ್ತದೆಂದು ಪರದೆ ಎಳೆದ. ಊಟದ ಮನೆಯಲ್ಲಿ ತ್ರೂಸ್ ಕೋಟು, ಮಫ್ಲರ್ ಹಾಕಿಕೊಂಡು ಸೂಪ್ ಕುಡಿಯಬೇಕಾಯಿತು.

"ಏನಾಗಿದೆ ಅಂತ ನಾನೂ ಒಂದ್ಸಲ ನೋಡ್ಲಾ? ನಮ್ಮಮ್ಮ ಇದ್ದಾಗ..." ಎಂದಳು ತ್ರೂಸ್.

"ನೀನು ಮುಟ್ಟಬಾರದು ಅಂತ ಠರಾವಾಗಿದೆ."

"ಮುಟ್ಟಲ್ಲ ಮಾರಾಯ, ಬಾಯಲ್ಲಿ ಹೇಳ್ತೀನಿ."

"ಡೈಕಿನ ವಿದ್ಯೆ ಬಾಯಲ್ಲೂ ಬೇಡ. ನಾಳೆ ಲಾಂಬರ್ಟ್ ಕೇಳಿದ್ರೆ ನಾನು ಏನಂತ ಮುಖ ತೋರಿಸ್ಲಿ?"

ತ್ರೂಸ್ ಚಮಚ ಕೆಳಗಿಟ್ಟಳು. "ಸರಿ. ನಿನಗೆ ನಿನ್ನ ಗೆಡ್ಡೆ, ನನಗೆ ನನ್ನ ಮೂಳೆ. ಬ್ರೆಡಾದಲ್ಲಿ ನನ್ನ ತಂಗಿ ಮನೇಲಿ ಒಲೆ ಉರೀತಿರತ್ತೆ, ಅಲ್ಲಿರ್ತೀನಿ," ಎಂದು ಅರ್ಧ ಗಂಟೆಯಲ್ಲಿ ಚೀಲ ಕಟ್ಟಿ ಹಿತ್ತಲ ಬಾಗಿಲಿಂದ ಬಸ್ಸಿಗೆ ಹೋದಳು. ಯಾರಿಗೂ ಹೇಳಲಿಲ್ಲ. ಹೇಳುವಷ್ಟು ಸಲಿಗೆಯವರು ಅವಳಿಗೆ ಈ ಕೇರಿಯಲ್ಲಿ ಯಾರಿದ್ದರು?

ಈಗ ಪರದೆಯ ವಿಷಯ. ನಮ್ಮ ಬೀದಿಯಲ್ಲಿ ಹಗಲು ಹೊತ್ತು ಯಾರೂ ಪರದೆ ಎಳೆಯುವುದಿಲ್ಲ. ನಾವು ಏನು ತಿಂದೆವು, ಯಾವ ಕುರ್ಚಿಯಲ್ಲಿ ಕೂತು ತಿಂದೆವು, ಇದು ಹೋಗುವವರಿಗೆಲ್ಲ ಕಾಣಬೇಕು. ಕಾಣದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅರ್ಥ. ಹಗಲಲ್ಲಿ ಪರದೆ ಮುಚ್ಚುವುದು ಒಂದೇ ಕಾರಣಕ್ಕೆ, ಅದು ಮನೆಯಲ್ಲಿ ಹೆಣವಿದ್ದಾಗ.

ಮಂಗಳವಾರ ಬೆಳಗ್ಗೆ ಎದುರು ಮನೆಯ ಯಾನೆಕೆ ರೀನಸ್ ಮನೆಯ ಪರದೆ ನೋಡಿ ಕೈಲಿದ್ದ ಕಾಫಿ ಬಟ್ಟಲನ್ನು ಹಾಗೇ ಕೆಳಗಿಟ್ಟಳು. ಮಧ್ಯಾಹ್ನವೂ ನೋಡಿದಳು. ಕಿಟಕಿ ತೆರೆದಿದೆ, ಪರದೆ ಮುಚ್ಚಿದೆ, ತ್ರೂಸ್‌ಳ ಸುಳಿವಿಲ್ಲ. ಯಾನೆಕೆ ಕೆಟ್ಟ ಹೆಂಗಸಲ್ಲ. ಆದರೆ ಖಾಲಿ ಜಾಗ ಕಂಡರೆ ಏನಾದರೂ ತುಂಬದೆ ಇರಲಾರಳು.

ಅಷ್ಟರಲ್ಲಿ ರೀನಸ್ ಬೇರೆ ಚಿಂತೆಯಲ್ಲಿದ್ದ. ಗಾಳಿಯೂ ಬೆಚ್ಚಗಿತ್ತು, ಮೊಳಕೆ ಬೆರಳುದ್ದ ಆಗಿತ್ತು. ಯೋಚಿಸಿ ಯೋಚಿಸಿ ಅವನಿಗೆ ಒಂದು ಉಪಾಯ ಹೊಳೆಯಿತು. ಅವನಿಗೆ ಉಪಾಯ ಹೊಳೆದಾಗಲೆಲ್ಲ ಊರಿಗೆ ಕೆಟ್ಟ ಕಾಲ. ಶವಸಂಸ್ಕಾರದ ಕಸುಬಿನ ಹೆಂಕ್ ಅವನ ಶಾಲೆಯ ಗೆಳೆಯ. ಮನೆಯಲ್ಲೇ ಹೆಣ ಇರಿಸಿಕೊಳ್ಳುವವರಿಗೆ ಹೆಂಕ್ ಒಂದು ತಂಪು ಹಲಗೆ ಬಾಡಿಗೆಗೆ ಕೊಡುತ್ತಿದ್ದ. ವಿದ್ಯುತ್ತಿಗೆ ಸಿಕ್ಕಿಸಿ ಹಾಸಿಗೆಯ ಮೇಲಿಟ್ಟರೆ ಮೇಲಿದ್ದದ್ದು ವಾರವಾದರೂ ಕೆಡುವುದಿಲ್ಲ.

"ಹೆಂಕ್, ನಿನ್ನ ಹಲಗೆ ಬೇಕಿತ್ತು," ಎಂದ ರೀನಸ್.

ಹೆಂಕ್ ತಕ್ಷಣ ಮುಖ ಸಪ್ಪಗೆ ಮಾಡಿಕೊಂಡ, ಅದು ಅವನ ಕಸುಬಿನ ಮುಖ. "ಯಾರು ಹೋದ್ರು?"

"ಯಾರೂ ಹೋಗಿಲ್ಲ. ಹೋಗದೇ ಇರ್ಲಿ ಅಂತ್ಲೇ ಕೇಳ್ತಿರೋದು. ಗೆಡ್ಡೆ ಮೊಳಕೆ ಒಡ್ದಿದೆ."

ಹೆಂಕ್ ಹೈಡೆಯವನೇ. ಅವನ ಮುಖ ಈಗ ನಿಜವಾಗಿಯೂ ಸಪ್ಪಗಾಯಿತು. "ಕಿತ್ತಳೆ?"

"ಅದೇ. ಹೆಂಕ್, ಯಾರಿಗೂ ಹೇಳಬೇಡ ಕಣೋ. ಲಾಂಬರ್ಟ್‌ಗೆ ಗೊತ್ತಾದ್ರೆ ನನ್ನ ಕಥೆ ಮುಗೀತು."

"ಮನೆಯವರು ಹೇಳೋ ಮೊದಲು ನಾನು ಯಾವತ್ತಾದ್ರೂ ಬಾಯಿ ಬಿಟ್ಟಿದ್ದೀನಾ? ಬಾಯಿ ಬಿಡೋನ ಹತ್ರ ಸಾಯೋರು ಬರಲ್ಲ."

ಬುಧವಾರ ಮಟಮಟ ಮಧ್ಯಾಹ್ನ ಹೆಂಕ್‌ನ ಕರೀ ವ್ಯಾನು ರೀನಸ್‌ನ ಬಾಗಿಲಲ್ಲಿ ನಿಂತಿತು. ಇಬ್ಬರೂ ಹಲಗೆ ಇಳಿಸಿ ಒಳಗೊಯ್ದರು. ಮಂಚದ ಮೇಲೆ ಹಲಗೆ, ಹಲಗೆಯ ಮೇಲೆ ಉದ್ದಕ್ಕೆ ಗೆಡ್ಡೆಯ ಪೆಟ್ಟಿಗೆಗಳು, ತಂಪು ಹೊರಗೆ ಹೋಗದಿರಲೆಂದು ಮೇಲೊಂದು ಬಿಳಿ ಹಾಸು. ಎದುರಿನ ಕಿಟಕಿಯಲ್ಲಿ ಯಾನೆಕೆ ಉಸಿರು ಬಿಗಿಹಿಡಿದು ನಿಂತಿದ್ದಾಗ ಗಾಳಿಗೆ ಪರದೆ ಒಂದು ಕ್ಷಣ ಹಾರಿತು. ಮಂಚ ಕಂಡಿತು. ಬಿಳಿ ಹಾಸಿನ ಕೆಳಗೆ ಉದ್ದಕ್ಕೆ ಮಲಗಿದ್ದು ಕಂಡಿತು. ತ್ರೂಸ್ ಕೂಡ ಸುಮಾರು ಅಷ್ಟೇ ಉದ್ದ.

ಯಾನೆಕೆ ಹೊರಗೋಡಿ ವ್ಯಾನಿನ ಬಾಗಿಲು ಹಿಡಿದು ಕೇಳಿದಳು: "ಹೆಂಕ್, ತ್ರೂಸಾ?"

"ನಾನು ಏನೂ ಹೇಳೋ ಹಾಗಿಲ್ಲ," ಎಂದ ಹೆಂಕ್, ಕೊಟ್ಟ ಮಾತಿಗೆ ತಪ್ಪದ ಮನುಷ್ಯ.

ಸಂಜೆಯ ಹೊತ್ತಿಗೆ ಹೈಡೆ ಕೇರಿಯಲ್ಲಿ ತ್ರೂಸ್ ಸತ್ತು ಎರಡು ದಿನವಾಗಿತ್ತು. ಬೇಕರಿಯಲ್ಲಿ ಹೃದಯಾಘಾತ ಎಂದರು, ಬಾರಿನಲ್ಲಿ ಮೆಟ್ಟಿಲಿಂದ ಬಿದ್ದಳು ಎಂದರು. "ಪಾಪ, ಮನೇಲಿ ಹೀಟರ್ ಕೂಡ ಹಾಕಿಲ್ಲ, ದುಃಖಕ್ಕೆ ಹುಚ್ಚು ಹಿಡಿದಿದೆ" ಎಂದು ಒಬ್ಬರೆಂದರೆ, "ಹೆಂಡ್ತಿ ಸತ್ತು ಎರಡು ದಿನ ಆದ್ರೂ ಬಾಯಿ ಬಿಡದೆ ಕೂತಿದ್ದಾನಲ್ಲ, ಎಂಥ ಎದೆಗಾರಿಕೆ" ಎಂದು ಇನ್ನೊಬ್ಬರು.

ಗುರುವಾರ ಬೆಳಗ್ಗೆ ಯಾನೆಕೆ ಗಟ್ಟಿ ಬಟಾಣಿ ಸೂಪಿನ ಪಾತ್ರೆ ಹಿಡಿದು ಬಾಗಿಲು ತಟ್ಟಿದಳು. ರೀನಸ್ ಬಾಗಿಲನ್ನು ಗೇಣಗಲ ತೆರೆದ. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು, ಮೂಗು ಸೋರುತ್ತಿತ್ತು. ಅವಳು ಅವನ ಕೈ ಹಿಡಿದುಕೊಂಡಳು.

"ಧೈರ್ಯ ತಂದ್ಕೋ ರೀನಸ್. ಊರಿಗೆಲ್ಲ ಗೊತ್ತಾಗಿದೆ."

ರೀನಸ್ ಅವಳ ಹಿಂದೆ ಬೀದಿಯ ಕಡೆ ಇಣುಕಿದ. "ಲಾಂಬರ್ಟ್‌ಗೂ?"

"ಅವರಿಗೇ ಮೊದಲು ಹೇಳಿದ್ದು. ಪಾಪ, ಸುದ್ದಿ ಕೇಳಿ ಕುರ್ಚಿ ಹುಡುಕಿಕೊಂಡು ಕೂತ್ರು. ತುಂಬಾ ಹೊತ್ತು ಒದ್ದಾಟ ಆಯ್ತಾ?"

"ಗೊತ್ತೇ ಆಗ್ಲಿಲ್ಲ. ಬೆಳಗ್ಗೆ ಕೆಳಗಿಳಿದು ನೋಡ್ತೀನಿ, ಆಗೋದು ಆಗಿಹೋಗಿತ್ತು. ಎಲ್ಲ ನನ್ನ ತಪ್ಪು, ಯಾನೆಕೆ. ಬಾಯ್ಲರ್ ಪಕ್ಕದಲ್ಲೇ ಮಲಗಿಸಿದ್ದೆ."

ಯಾನೆಕೆ ಅವನ ಕೈ ಬಿಟ್ಟಳು. ಸೂಪಿನ ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟು ತಿರುಗಿ ನೋಡದೆ ಹೋದಳು. ಕಟ್ಟಿಕೊಂಡ ಹೆಂಡತಿಯನ್ನು ಆ ಪುಣ್ಯಾತ್ಮ ನೆಲಮಾಳಿಗೆಯಲ್ಲಿ ಮಲಗಿಸುತ್ತಿದ್ದನಂತೆ ಎಂಬ ಸುದ್ದಿ ಅವಳಿಗಿಂತ ಮೊದಲೇ ಬೇಕರಿ ಮುಟ್ಟಿತು.

ಸೂಪಿನ ಹಿಂದೆಯೇ ಪುರಸಭೆ ಬಂತು. ಜನನ ಮರಣ ವಿಭಾಗದ ಗುಮಾಸ್ತ, ಕೊರಳಿಗೆ ಟೈ, ಕಾಲಿಗೆ ಸೈಕಲ್ ಕ್ಲಿಪ್ಪು. ರೀನಸ್‌ಗೆ ಅವನು ಯಾವ ವಿಭಾಗದವನೆಂದು ತಿಳಿಯದು. ಪುರಸಭೆಯವನು ಎಂದಷ್ಟೇ ಗೊತ್ತು, ಲಾಂಬರ್ಟ್ ದೂರು ಕೊಟ್ಟಿರಬೇಕು ಎಂದುಕೊಂಡ.

"ನಿಮ್ಮ ಮನೆಯಿಂದ ನಮಗೆ ಇನ್ನೂ ಯಾವ ವರದಿಯೂ ಬಂದಿಲ್ಲ," ಎಂದ ಗುಮಾಸ್ತ, ಮೆತ್ತಗೆ. "ದುಃಖ ಅರ್ಥ ಆಗತ್ತೆ. ಆದ್ರೆ ಮನೇಲಿ ಹೀಗೆ ತುಂಬಾ ದಿನ ಇಟ್ಕೊಳ್ಳೋ ಹಾಗಿಲ್ಲ."

"ಯಾಕಿಲ್ಲ? ಮೇ ತಿಂಗಳವರೆಗೆ ಇಟ್ಕೊಳ್ಳೋಕೆ ಕೇರಿ ಸಭೆಯಲ್ಲೇ ಒಪ್ಪಿಗೆಯಾಗಿದೆ."

ಗುಮಾಸ್ತ ಗೋಡೆ ಹಿಡಿದುಕೊಂಡ. "ಮೇ ತಿಂಗಳು?"

"ಅದಕ್ಕೂ ಮೊದಲು ಮಣ್ಣಿಗೆ ಹಾಕಿದ್ರೆ ಕೊಳೆತುಹೋಗತ್ತೆ ಸ್ವಾಮಿ. ಲಾಂಬರ್ಟ್ ಅವರ ಅಜ್ಜನ ಕಾಲದಿಂದ ನಮ್ಮ ಕೇರಿ ಪದ್ಧತಿ ಇದೇ. ಮೇ ಬಂದ ಮೇಲೆ ಎಲ್ಲರೂ ಸೇರಿ, ಬಿಯರ್ ಕುಡಿದು, ಹಾಡು ಹೇಳ್ಕೊಂಡು ಗುಂಡಿ ತೋಡ್ತೀವಿ."

ಗುಮಾಸ್ತ ಸೈಕಲ್ ಹತ್ತುವುದನ್ನು ಮರೆತು ಅದನ್ನು ತಳ್ಳಿಕೊಂಡೇ ಪುರಸಭೆಯವರೆಗೆ ನಡೆದ. ಹೈಡೆ ಕೇರಿಯವರ ಬಗ್ಗೆ ಏನೇನೋ ಕೇಳಿದ್ದೆ, ಇಷ್ಟು ಕೇಳಿರಲಿಲ್ಲ ಎಂದು ಅವನು ಆಮೇಲೆ ವಾರಗಟ್ಟಲೆ ಹೇಳಿಕೊಂಡು ತಿರುಗಿದ.

ಶನಿವಾರ ಹತ್ತು ಗಂಟೆಗೆ ಬಾಗಿಲ ಗಂಟೆ ಬಡಿಯಿತು. ರೀನಸ್ ಪರದೆಯ ಅಂಚು ಸರಿಸಿ ನೋಡಿದರೆ ಹೊರಗೆ ಹೈಡೆ ಕೇರಿಗೆ ಕೇರಿಯೇ ಕಪ್ಪು ಕೋಟು ಹಾಕಿ ನಿಂತಿದೆ. ಮುಂದೆ ಟೋಪಿ ಕೈಲಿ ಹಿಡಿದ ಲಾಂಬರ್ಟ್, ಹಿಂದೆ ಸಾಸೇಜ್ ಬ್ರೆಡ್ಡಿನ ತಟ್ಟೆಗಳನ್ನು ಹೊತ್ತ ಹೆಂಗಸರು. ರಸ್ತೆಯ ಆ ಬದಿಗೆ ಇನ್ನೊಂದು ಗುಂಪು. ಡೈಕ್ ಕೇರಿಯವರು, ಅವರ ಮುಂದಾಳು ತ್ರೂಸ್‌ಳ ಅಣ್ಣ ಕೋಬಸ್, ಕೈಯಲ್ಲಿ ಹೂವಿನ ಚಕ್ರ. ತನ್ನನ್ನು ಹುದ್ದೆಯಿಂದ ಇಳಿಸಲು ಇಷ್ಟು ಜನ ಬೇಕೇ, ಅದಕ್ಕೆ ವೈರಿಗಳನ್ನೂ ಕರೆಯಬೇಕೇ ಎಂದುಕೊಂಡ ರೀನಸ್.

ಬಾಗಿಲು ತೆರೆದದ್ದೇ ಎಲ್ಲರೂ ಒಳಗೆ ನುಗ್ಗಿ ನಡುಮನೆ ತುಂಬಿದರು. ರೀನಸ್ ಮಲಗುವ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತ.

"ನೋಡಲೇಬೇಕು ರೀನಸ್. ಕೊನೇ ಸಲ," ಎಂದ ಲಾಂಬರ್ಟ್.

"ಬೇಡಿ ಲಾಂಬರ್ಟ್ ಅವರೇ, ನಿಮ್ಮ ಕೈಲಿ ತಡ್ಕೊಳ್ಳೋಕಾಗಲ್ಲ. ಎಲ್ಲ ಕಡೆಯಿಂದಲೂ ಬೆರಳುದ್ದ ಬಿಳೀದು ಹೊರಗೆ ಬಂದುಬಿಟ್ಟಿದೆ."

ಹಿಂದೆ ಒಬ್ಬಾಕೆ ತಟ್ಟೆ ಸಮೇತ ಕುಸಿದಳು. ಲಾಂಬರ್ಟ್ ಕಣ್ಣು ಮುಚ್ಚಿ, ತೆರೆದು, ಗಂಟಲು ಸರಿಮಾಡಿಕೊಂಡ. "ಹಾಗಿದ್ರೆ ಬಾಗಿಲಾಚೆಯಿಂದಲೇ ನಾಲ್ಕು ಮಾತು ಹೇಳ್ತೀನಿ. ಬಂಧುಗಳೇ, ನಾವು ಅವಳನ್ನ ಡೈಕಿನವಳು ಡೈಕಿನವಳು ಅಂತ ಕರೆದ್ವಿ. ಹೋದ ವರ್ಷ ಮೆರವಣಿಗೆಗೆ ಮೂರು ದಿನ ಇರೋವಾಗ ಬಂಡಿ ಕಟ್ಟೋ ನಮ್ಮ ಚಪ್ಪರ ಗಾಳಿಗೆ ಕಿತ್ತುಹೋದಾಗ ರಾತ್ರಿಯೆಲ್ಲ ಕೂತು ಟಾರ್ಪಾಲು ಹೊಲಿದವಳು ಅವಳೇ. ನಾವು ಅವಳನ್ನ ಚಪ್ಪರದ ಹೊರಗೆ ಕೂರಿಸಿ ಹೊಲಿಸಿದ್ವಿ, ಒಳಗಿನ ಬಂಡಿ ನೋಡ್ತಾಳೆ ಅಂತ. ಇವತ್ತು ಹೇಳ್ತೀನಿ, ತ್ರೂಸ್ ನಮ್ಮವಳು. ಅವಳ ಪೆಟ್ಟಿಗೆ ಹೊರೋರು ಹೈಡೆಯ ಗಂಡಸರು."

"ಅದು ಹೇಗಾಗತ್ತೆ?" ಎಂದು ಕೋಬಸ್ ಮುಂದೆ ಬಂದ. "ಹುಟ್ಟಿದ್ದು ನಮ್ಮಲ್ಲಿ, ಹೊರೋರು ನಾವು. ನಮ್ಮ ತಾಯಿ ಪಕ್ಕದಲ್ಲಿ ಅವಳಿಗೆ ಜಾಗ ಇದೆ."

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಮದುವೆ ದಿನ ಹೇಳಿದ್ದು ಯಾರು? ಅವಳ ಮದುವೆಗೆ ನಿಮ್ಮ ಕೇರಿಯಿಂದ ಒಂದು ನರಪಿಳ್ಳೆ ಬಂದಿತ್ತಾ?"

"ನೀವು ಟಾರ್ಪಾಲು ಹೊಲಿಸಿದ್ದು ಗೊತ್ತಾಯ್ತು. ಒಂದು ಕುರ್ಚಿ ಕೊಟ್ಟಿದ್ರಾ?"

ಮಾತಿಗೆ ಮಾತು ಬೆಳೆಯಿತು. ಸಾಸೇಜ್ ಬ್ರೆಡ್ಡೊಂದು ಗಾಳಿಯಲ್ಲಿ ಹಾರಿತು, ಯಾರು ಎಸೆದರೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ. ಎರಡೂ ಕಡೆಯವರು ಒಮ್ಮೆಲೇ ತಳ್ಳಿದ ರಭಸಕ್ಕೆ ರೀನಸ್‌ನ ಬೆನ್ನ ಹಿಂದಿನ ಬಾಗಿಲು ತೆರೆದುಕೊಂಡು, ಅವನು ಅಂಗಾತ ಬಿದ್ದ. ಜನ ಅವನನ್ನು ದಾಟಿ ಮಂಚದ ಎರಡೂ ಬದಿಗೆ ನಿಂತರು. ಲಾಂಬರ್ಟ್ ಬಿಳಿ ಹಾಸಿನ ಒಂದು ತುದಿ ಹಿಡಿದ, ಕೋಬಸ್ ಇನ್ನೊಂದು ತುದಿ. "ನಮ್ಮವಳು" ಎಂದು ಇವನು ಎಳೆದ, "ನಮ್ಮವಳು" ಎಂದು ಅವನು ಎಳೆದ. ಹಾಸು ನಡುವೆ ಹರಿಯಿತು.

ಕೆಳಗೆ ಪೆಟ್ಟಿಗೆಗಳು. ಪೆಟ್ಟಿಗೆಗಳ ತುಂಬ ಹೈಡೆಯ ಕಿತ್ತಳೆಯ ತಾಯಿಗೆಡ್ಡೆಗಳು, ಒಂದೊಂದರ ಮೇಲೂ ಬೆಳ್ಳಗೆ ಮೊಳಕೆಯ ಹಿಂಡು.

ಶವದ ಮುಂದೆ ಅಷ್ಟೊಂದು ಧೈರ್ಯವಾಗಿ ಮಾತಾಡಿದ ಲಾಂಬರ್ಟ್ ಮಂಚದ ಕಾಲು ಹಿಡಿದು ನೆಲಕ್ಕೆ ಕೂತ. ಅವನ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ತ್ರೂಸ್ ಹೋದಳೆಂದಾಗ ಕುರ್ಚಿ ಹುಡುಕಿದವನಿಗೆ ಗೆಡ್ಡೆ ಎದ್ದದ್ದು ಕಂಡಾಗ ಕುರ್ಚಿಯ ನೆನಪೂ ಆಗಲಿಲ್ಲ.

ಮೊದಲು ಎಚ್ಚೆತ್ತವನು ಕೋಬಸ್. ಅವನು ಬಿದ್ದಿದ್ದ ರೀನಸ್‌ನ ಕೊರಳಪಟ್ಟಿ ಹಿಡಿದು ಎತ್ತಿದ. "ನನ್ನ ತಂಗಿ ಎಲ್ಲೋ?"

ಲಾಂಬರ್ಟ್ ಎದ್ದು ಕೊರಳಪಟ್ಟಿಯ ಇನ್ನೊಂದು ಬದಿ ಹಿಡಿದ. "ನಮ್ಮ ಕಿತ್ತಳೆ ಏನ್ ಮಾಡ್ದೆಯೋ?"

ಇಬ್ಬರ ನಡುವೆ ನೇತಾಡುತ್ತ ರೀನಸ್ ಬಾಯಿ ಬಾಯಿ ಬಿಟ್ಟ. ಅತ್ತ ದರಿ, ಇತ್ತ ಪುಲಿ. "ತಂಗೀನಾ? ತಂಗಿಗೆ ಏನಾಗಿದೆ?"

"ಅವಳು ಸತ್ತಿದ್ದಾಳೆ," ಎಂದು ಬಾಗಿಲ ಕಡೆಯಿಂದ ಒಂದು ದನಿ ಬಂತು. "ನನಗೂ ನಿನ್ನೆ ರಾತ್ರಿ ಗೊತ್ತಾಯ್ತು."

ತಲೆಗೆ ಸ್ಕಾರ್ಫು, ಕೈಯಲ್ಲಿ ಚೀಲ, ತ್ರೂಸ್ ನಿಂತಿದ್ದಳು. ಯಾನೆಕೆ ಗೋಡೆಗೆ ಒರಗಿ ಶಿಲುಬೆಯ ಗುರುತು ಹಾಕಿಕೊಂಡಳು. ಊರ ಮಾತು ಕೇಳಿ ಕೇಳಿ ತಾನೂ ನಂಬಿಬಿಟ್ಟು ಗುಂಪಿನೊಡನೆ ಬಂದಿದ್ದ ಹೆಂಕ್, ಕಸುಬಿನ ಮೂವತ್ತು ವರ್ಷಗಳಲ್ಲಿ ಮೊದಲ ಸಲ, ಕಿರುಚಿದ.

"ನನ್ನ ತಂಗಿ ಮನೆಗೆ ಫೋನ್ ಬಂತು. ಎತ್ತಿದವಳು ನಾನೇ. 'ತ್ರೂಸ್ ಹೋಗಿಬಿಟ್ಲು, ಶನಿವಾರ ಹತ್ತಕ್ಕೆ ಬನ್ನಿ' ಅಂದ್ರು. ತಡ ಮಾಡೋದು ಸರಿಯಲ್ಲ ಅಂತ ಬಂದೆ," ಎಂದಳು ತ್ರೂಸ್. "ಬಿಡಿ ಅವನನ್ನ."

ಕೋಬಸ್ ಬಿಟ್ಟ. ಬಿಟ್ಟು ತಂಗಿಯ ಭುಜ ಹಿಡಿದು, ಹೂವಿನ ಚಕ್ರವನ್ನೇ ಅವಳ ಕೈಗೆ ಕೊಟ್ಟ. ಲಾಂಬರ್ಟ್ ಬಿಡಲಿಲ್ಲ. ಅವನು ತ್ರೂಸ್‌ಳನ್ನು ಒಮ್ಮೆ ನೋಡಿದ, ಬದುಕಿದ್ದಾಳೆ ಎಂದು ಖಾತ್ರಿ ಮಾಡಿಕೊಂಡ, ಮತ್ತೆ ಗೆಡ್ಡೆಗಳ ಕಡೆ ತಿರುಗಿದ. ಹೈಡೆಯವರೆಲ್ಲ ಅವನ ಜೊತೆಗೇ ತಿರುಗಿದರು. ಅವಳು ಎದ್ದು ಬಂದದ್ದಕ್ಕೆ ಒಬ್ಬರೂ ಸಂತೋಷ ಎನ್ನಲಿಲ್ಲ.

"ಎಲ್ಲ ಹೋಯ್ತು. ಎಲ್ಲ ಸತ್ತುಹೋಯ್ತು," ಎಂದ ಲಾಂಬರ್ಟ್.

ತ್ರೂಸ್ ಜನರನ್ನು ಸರಿಸಿಕೊಂಡು ಮಂಚದ ಹತ್ತಿರ ಹೋದಳು. ಕೈ ಚಾಚಿ, ಅರ್ಧಕ್ಕೇ ನಿಲ್ಲಿಸಿ, ಲಾಂಬರ್ಟನ ಮುಖ ನೋಡಿದಳು. "ಠರಾವು ಇದೆಯಲ್ಲ, ಮುಟ್ಟಬಾರದು. ಮುಟ್ಟದೇ ಹೇಳ್ತೀನಿ. ಇವು ಸತ್ತಿಲ್ಲ, ಎದ್ದಿವೆ ಅಷ್ಟೆ. ನಮ್ಮಮ್ಮ ಪ್ರತಿ ವರ್ಷ ಫೆಬ್ರವರೀಲಿ ಬೇಕಂತ್ಲೇ ಎಬ್ಬಿಸ್ತಿದ್ಲು. ಬೆಚ್ಚಗಿನ ಕೋಣೆ, ಕಿಟಕಿ ಬೆಳಕು. ಮೊಳಕೆ ಹಸಿರಾದ ಮೇಲೆ ಬುಡದ ಚೂರು ಸಮೇತ ಕತ್ತರಿಸಿ ಮರಳಲ್ಲಿ ನೆಟ್ರೆ ಒಂದೊಂದು ಮೊಳಕೆನೂ ಒಂದೊಂದು ಗಿಡ. ಗೆಡ್ಡೆನೂ ಉಳಿಯತ್ತೆ. ಹೋದ ವರ್ಷದ ಎರಡರಷ್ಟು ಹೂ ಬರತ್ತೆ."

ಡೈಕಿನವರಲ್ಲಿ ಗುಸುಗುಸು ಎದ್ದಿತು. "ತ್ರೂಸ್, ಅದು ನಮ್ಮ ಕೇರಿ ಗುಟ್ಟು," ಎಂದ ಕೋಬಸ್.

"ಆಗ್ಲೇ ಪೆಟ್ಟಿಗೆ ಹೊರ್ತೀನಿ ಅಂತ ಕಿತ್ತಾಡಿದೆಯಲ್ಲಣ್ಣ. ಅದರ ಬದಲು ಗುಟ್ಟು ಹೊತ್ಕೋ," ಎಂದಳು ತ್ರೂಸ್.

ಲಾಂಬರ್ಟನ ಮುಖ ಕೆಂಪಾಯಿತು, ಬಿಳುಪಾಯಿತು. "ಹೈಡೆಯವರು ನಾವು ಇಡೀ ಗೆಡ್ಡೆ ನೆಡೋರು. ಡೈಕಿನ ಕತ್ತರಿ ವಿದ್ಯೆಯಿಂದ, ಡೈಕಿನವಳ ಕೈಯಿಂದ ನಮ್ಮಜ್ಜನ ಹೂ ಬೆಳೆಸೋದು ಅಂದ್ರೆ..."

"ಲಾಂಬರ್ಟ್ ಅವರೇ, ನಾನು ಹಿತ್ತಲ ಬಾಗಿಲಲ್ಲಿ ನಿಂತು ನಿಮ್ಮ ಭಾಷಣ ಕೇಳಿದೆ," ಎಂದಳು ತ್ರೂಸ್. ಅವಳು ದನಿ ಏರಿಸಲಿಲ್ಲ. "ಸತ್ರೆ ನಮ್ಮವಳು, ಬದುಕಿದ್ರೆ ಡೈಕಿನವಳಾ?"

ಕೋಣೆಯಲ್ಲಿ ಕೆಲವರು ನೆಲ ನೋಡಿದರು, ಕೆಲವರು ತಮ್ಮ ಕಪ್ಪು ಕೋಟಿನ ಗುಂಡಿ ನೋಡಿದರು. ಕೋಬಸ್‌ಗೂ ಅಲ್ಲಿ ನಗುವ ಧೈರ್ಯ ಬರಲಿಲ್ಲ, ಆ ಪ್ರಶ್ನೆ ಅರ್ಧ ಅವನಿಗೂ ಸೇರಿತ್ತು. ಕಡೆಗೆ ಲಾಂಬರ್ಟ್ ರೀನಸ್‌ನ ಕೊರಳಪಟ್ಟಿ ಬಿಟ್ಟು, ಟೋಪಿಯನ್ನು ಎದೆಗೆ ಹಿಡಿದುಕೊಂಡ.

"ಠರಾವು ರದ್ದು," ಎಂದ.

"ಅಷ್ಟು ಸಾಲದು."

"ತ್ರೂಸ್... ನಮ್ಮವಳು."

"ಇನ್ನೊಂದು ಸಲ ಹೇಳಿ. ಬದುಕಿದ್ದೀನಿ, ಕೇಳಿಸತ್ತೆ."

ಹೇಳಿದ. ಈ ಸಲ ಹೈಡೆಯವರು ಒಬ್ಬೊಬ್ಬರಾಗಿ ಹೌದೆಂದು ತಲೆಯಾಡಿಸಿದರು, ಡೈಕಿನವರೂ ಆಡಿಸಿಬಿಟ್ಟರು. ತ್ರೂಸ್ ಚಕ್ರವನ್ನು ಗೋಡೆಗೆ ಒರಗಿಸಿ, ಕಿಟಕಿ ಮುಚ್ಚಿ, ಪರದೆಯನ್ನು ಎರಡೂ ಕೈಯಿಂದ ಸರ್ರನೆ ಸರಿಸಿದಳು. ಬೆಳಕು ಮಂಚದ ಮೇಲೆ ಬಿತ್ತು. ಹೊರಗೆ ರಸ್ತೆಯಲ್ಲಿ ಪುರಸಭೆಯ ಗುಮಾಸ್ತ ಇಬ್ಬರು ಪೊಲೀಸರನ್ನು ಕರೆದುಕೊಂಡು ಬರುತ್ತಿದ್ದ. ಕಿಟಕಿಯಲ್ಲಿ ನಿಂತ ತ್ರೂಸ್‌ಳನ್ನು ಕಂಡವನೇ ಪೊಲೀಸರನ್ನು ಅಲ್ಲೇ ಬಿಟ್ಟು ಬಂದ ದಾರಿ ಹಿಡಿದ.

ತಿಥಿಗೆ ತಂದ ತಿಂಡಿಯನ್ನು ಎರಡೂ ಕೇರಿಯವರು ಕೂತು ಮುಗಿಸಿದರು. ಎಲ್ಲರೂ ಹೋದ ಮೇಲೆ ಗಂಡಹೆಂಡತಿ ಇಬ್ಬರೇ ಉಳಿದರು. ಬಾಯ್ಲರ್ ಮತ್ತೆ ಗುರ್ ಎನ್ನುತ್ತಿತ್ತು. ರೀನಸ್ ಹೇಳಿದ:

"ನೀನು ಸತ್ತಿದ್ದೀಯ ಅಂತ ನನಗೆ ಯಾರೂ ಹೇಳಲೇ ಇಲ್ಲ."

"ಹೇಳಿದ್ರೆ ಏನ್ ಮಾಡ್ತಿದ್ದೆ?"

ರೀನಸ್ ನಿಜವಾಗಿಯೂ ಯೋಚಿಸಿದ. ಹುಟ್ಟಿದ ಮೇಲೆ ಒಂದು ಪ್ರಶ್ನೆಗೆ ಅವನು ಇಷ್ಟು ಹೊತ್ತು ಯೋಚಿಸಿದ್ದು ಅದೇ ಮೊದಲು.

"ಗೊತ್ತಿಲ್ಲ ಕಣೇ. ನೀನು ಐದು ದಿನ ಇರಲಿಲ್ಲ, ಅಷ್ಟಕ್ಕೇ ಮನೆಗೆ ಹೆಣದ ಹಲಗೆ ತಂದಿಟ್ಟೆ."

ತ್ರೂಸ್ ಅವನ ಮುಖವನ್ನು ನೋಡಿದಳು. ನಗಬಾರದೆಂದು ಎಷ್ಟು ಬಿಗಿ ಹಿಡಿದರೂ ಆಗಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಮಂಚದ ತುದಿಗೆ ಹೋದಳು.

"ಆ ಕಡೆ ಹಿಡಿ. ಪೆಟ್ಟಿಗೆ ಕಿಟಕಿ ಹತ್ರ ಇಡೋಣ," ಎಂದಳು. ಅವನು ಹಿಡಿದ.